ಹಳೆಯ ಸ್ಟ್ರೀಮಿಂಗ್ ಸಾಧನಕ್ಕೆ ಬದಲಿ ರಿಮೋಟ್: ಲಕ್ಷಣ ನೋಡಿ ದೋಷ ಗುರುತಿಸುವ ಬಗೆ

ಟಿವಿಗೆ ಜೋಡಿಸಿ ಅಂತರ್ಜಾಲದ ಕಾರ್ಯಕ್ರಮ ನೋಡುವ ಪೆಟ್ಟಿಗೆ ಅಥವಾ ಸ್ಟಿಕ್, ಅಂದರೆ ಹಳೆಯ ಸ್ಟ್ರೀಮಿಂಗ್ ಸಾಧನ, ಕೆಲಸ ನಿಲ್ಲಿಸಿತು ಎನಿಸಿದಾಗ, ಎಷ್ಟೋ ಸಲ ಕೆಟ್ಟಿರುವುದು ಸಾಧನವಲ್ಲ, ಅದರ ರಿಮೋಟ್. ಕೈಜಾರಿ ಬೀಳುವುದು, ಸೋಫಾದ ಸಂದಿಯಲ್ಲಿ ಸೇರಿಕೊಳ್ಳುವುದು, ಒಳಗಿನ ಸೆಲ್ ಸೋರುವುದು ಎಲ್ಲವೂ ರಿಮೋಟಿನ ಪಾಡು. ಟಿವಿಯ ಹಿಂದೆ ಅಲುಗಾಡದೆ ಕುಳಿತ ಪೆಟ್ಟಿಗೆ ವರ್ಷಗಟ್ಟಲೆ ಸುಸ್ಥಿತಿಯಲ್ಲೇ ಉಳಿಯುತ್ತದೆ. ಆದರೆ ಇಂತಹ ಬಹುತೇಕ ಸಾಧನಗಳ ಮೈಮೇಲೆ ಬಾಣದ ಬಟನ್‌ಗಳೇ ಇಲ್ಲವಾದ್ದರಿಂದ, ರಿಮೋಟ್ ಹೋದರೆ ಸಾಧನವೇ ಹೋದಂತೆ ಕಾಣುತ್ತದೆ.

ಬದಲಿ ರಿಮೋಟ್ ಕೊಳ್ಳುವವರು ಎಡವುವುದು ಮುಖ್ಯವಾಗಿ ಒಂದೇ ಕಡೆ: ನೋಡಲು ಹಳೆಯದರಂತೆಯೇ ಇದೆ ಎಂಬ ಕಾರಣಕ್ಕೆ ಕೊಂಡುಬಿಡುತ್ತಾರೆ. ಕೆಲವು ಸಾಧನಗಳು ರಿಮೋಟಿನಿಂದ ಬರುವ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಗ್ರಹಿಸುತ್ತವೆ, ಕೆಲವು ಬ್ಲೂಟೂತ್ ಅಥವಾ ವೈ-ಫೈ ಮೂಲಕ ರೇಡಿಯೋ ಅಲೆಗಳನ್ನು ಗ್ರಹಿಸುತ್ತವೆ. ಒಂದೇ ಕಂಪನಿಯ, ಒಂದೇ ಬಣ್ಣದ, ಅದೇ ಬಟನ್‌ಗಳಿರುವ ಎರಡು ರಿಮೋಟ್‌ಗಳಲ್ಲಿ ಒಂದು ಈ ಬಗೆಯದು, ಇನ್ನೊಂದು ಆ ಬಗೆಯದು ಆಗಿರಬಹುದು. ಆದ್ದರಿಂದ ಹಣ ತೆರುವ ಮೊದಲು ಎರಡು ಸಂಗತಿ ಖಚಿತವಾಗಬೇಕು: ಹಳೆಯ ರಿಮೋಟ್ ನಿಜಕ್ಕೂ ಕೆಟ್ಟಿದೆಯೇ, ಮತ್ತು ಸಾಧನ ಯಾವ ಬಗೆಯ ಸಂಕೇತವನ್ನು ಗ್ರಹಿಸುತ್ತದೆ.

ಯಾವ ಬಟನ್ ಒತ್ತಿದರೂ ಏನೂ ಆಗುತ್ತಿಲ್ಲ

ಮೊದಲು ಅನುಮಾನಿಸಬೇಕಾದದ್ದು ಸಾಧನವನ್ನು. ಅದರ ತಂತ್ರಾಂಶ ಸ್ತಬ್ಧವಾಗಿದ್ದರೆ ಯಾವ ರಿಮೋಟಿಗೂ ಓಗೊಡುವುದಿಲ್ಲ. ವಿದ್ಯುತ್ ತಂತಿಯನ್ನು ಕಿತ್ತು, ಒಂದು ನಿಮಿಷ ಬಿಟ್ಟು, ಮತ್ತೆ ಸಿಕ್ಕಿಸಿ ಮುಖಪುಟ ಬರುವವರೆಗೆ ಕಾಯಿರಿ. ಸ್ಟಿಕ್ ಮಾದರಿಯ ಸಾಧನಕ್ಕೆ ಟಿವಿಯ ಯುಎಸ್‌ಬಿ ಕಿಂಡಿಯಿಂದಲೇ ವಿದ್ಯುತ್ ಕೊಡುತ್ತಿದ್ದರೆ ಅದನ್ನು ತಪ್ಪಿಸಿ, ಜೊತೆಗೆ ಬಂದಿದ್ದ ಅಡಾಪ್ಟರಿಗೆ ಜೋಡಿಸಿ ನೋಡಬೇಕು. ಸಾಮಾನ್ಯ ಯುಎಸ್‌ಬಿ 2.0 ಕಿಂಡಿ ಕೊಡುವುದು 0.5 ಆಂಪಿಯರ್ ಮಾತ್ರ. ಹಲವು ಸ್ಟಿಕ್‌ಗಳು 5 ವೋಲ್ಟ್, 1 ಆಂಪಿಯರ್ ಅಡಾಪ್ಟರಿನೊಂದಿಗೆ ಬರುತ್ತವೆ. ವಿದ್ಯುತ್ ಸಾಲದೆ ಹೋದಾಗ ಸಾಧನ ತಡವರಿಸುತ್ತದೆ ಇಲ್ಲವೇ ತಾನಾಗಿ ಮರುಚಾಲನೆಗೊಳ್ಳುತ್ತದೆ, ಆ ತಪ್ಪು ರಿಮೋಟಿನ ಮೇಲೆ ಬೀಳುತ್ತದೆ.

ಬಳಿಕ ಸೆಲ್‌ಗಳ ಸರದಿ. ಎರಡನ್ನೂ ಒಟ್ಟಿಗೆ ಬದಲಿಸಿ. ಹಳೆಯದೊಂದು, ಹೊಸದೊಂದು ಬೆರೆಸಬೇಡಿ. ಹೊಸ ಆಲ್ಕಲೈನ್ ಸೆಲ್ 1.5 ವೋಲ್ಟ್ ಕೊಟ್ಟರೆ, ಮರುಚಾರ್ಜ್ ಮಾಡಬಹುದಾದ ನಿಕಲ್ ಸೆಲ್ ಸುಮಾರು 1.2 ವೋಲ್ಟ್ ಕೊಡುತ್ತದೆ. ರೇಡಿಯೋ ರಿಮೋಟ್‌ಗಳಲ್ಲಿ ಕೆಲವು ಈ ಕಡಿಮೆ ವೋಲ್ಟೇಜನ್ನು ಸಹಿಸುವುದಿಲ್ಲವಾದ್ದರಿಂದ, ಪರೀಕ್ಷೆಯ ಹೊತ್ತಿಗಾದರೂ ಹೊಸ ಆಲ್ಕಲೈನ್ ಸೆಲ್‌ಗಳನ್ನೇ ಬಳಸುವುದು ಒಳ್ಳೆಯದು. ಹೊಸ ಸೆಲ್ ಹಾಕುವ ಮುನ್ನ, ಸೆಲ್ ಇಲ್ಲದ ರಿಮೋಟಿನ ಎಲ್ಲ ಬಟನ್‌ಗಳನ್ನೂ ಒಂದೊಂದಾಗಿ ಒತ್ತಿ ಒಂದೆರಡು ನಿಮಿಷ ಬಿಡಿ. ಒಳಗೆ ಉಳಿದಿರುವ ಅಲ್ಪಸ್ವಲ್ಪ ವಿದ್ಯುತ್ ಖಾಲಿಯಾಗಿ, ಸಿಕ್ಕಿಕೊಂಡಿದ್ದ ಚಿಪ್ ಹೊಸದಾಗಿ ಆರಂಭವಾಗುವುದಕ್ಕೆ ಇಷ್ಟು ಸಾಕಾಗುತ್ತದೆ.

ಬಿಲ್ಲೆಯಾಕಾರದ ಸಿಆರ್2032 ಸೆಲ್ ಬಳಸುವ ಹಳೆಯ ಆಪಲ್ ರಿಮೋಟ್‌ಗಳ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಲಘುವಾಗಿ ತೆಗೆದುಕೊಳ್ಳಬಾರದು. ಮಕ್ಕಳು ಈ ಬಿಲ್ಲೆಯನ್ನು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳದಲ್ಲಿ ತೀವ್ರ ಸುಟ್ಟಗಾಯವಾಗಬಹುದು. ತೆಗೆದ ಹಳೆಯ ಸೆಲ್ ಕೂಡ ಅಪಾಯಕಾರಿಯೇ. ನುಂಗಿರಬಹುದೆಂಬ ಸಂಶಯ ಬಂದರೂ ಸಾಕು, ಲಕ್ಷಣಗಳಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಸೆಲ್ ಗೂಡಿನಲ್ಲಿ ಬಿಳಿಯ ಪುಡಿ ಅಥವಾ ಹಸಿರು ಕಿಲುಬು

ಇದು ಸೆಲ್ ಸೋರಿದ ಗುರುತು. ಆಲ್ಕಲೈನ್ ಸೆಲ್‌ಗಳಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಅದು ಚರ್ಮವನ್ನೂ ಕಣ್ಣನ್ನೂ ಸುಡಬಲ್ಲದು. ಕೈಗವಸು ಹಾಕಿಕೊಂಡು ಸೆಲ್ ತೆಗೆದು, ಹತ್ತಿ ಸುತ್ತಿದ ಕಡ್ಡಿಯನ್ನು ವಿನೆಗರ್‌ನಲ್ಲಿ ಸ್ವಲ್ಪವೇ ಅದ್ದಿ ಲೋಹದ ಸಂಪರ್ಕಗಳನ್ನು ಒರೆಸಿ. ಪುಡಿ ಕರಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಇನ್ನೊಮ್ಮೆ ಒರೆಸಿ ಚೆನ್ನಾಗಿ ಒಣಗಲು ಬಿಡಿ. ಸಂಪರ್ಕದ ಸ್ಪ್ರಿಂಗ್ ಕೈಯಲ್ಲೇ ಮುರಿದು ಬಂದರೆ, ಅಥವಾ ಕಿಲುಬು ಗೂಡನ್ನು ದಾಟಿ ಒಳಗಿನ ಸರ್ಕ್ಯೂಟ್ ಹಲಗೆಗೆ ಹಬ್ಬಿದ್ದರೆ, ಅಲ್ಲಿಗೆ ನಿಲ್ಲಿಸಿ. ಆ ರಿಮೋಟನ್ನು ಬದಲಿಸುವುದೇ ಸರಿ.

ಸೆಲ್ ಹೊಸದು, ಆದರೂ ರಿಮೋಟಿಗೆ ಜೀವ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ

ಖರ್ಚಿಲ್ಲದೆ ಬಹಳಷ್ಟು ತಿಳಿಸಿಕೊಡುವ ಪರೀಕ್ಷೆ ಇದು. ಮೊಬೈಲಿನ ಕ್ಯಾಮೆರಾ ತೆರೆದು, ರಿಮೋಟಿನ ಮುಂತುದಿಯನ್ನು ಅದರತ್ತ ಹಿಡಿದು, ಬಾಣದ ಬಟನ್ ಒಂದನ್ನು ಒತ್ತಿ ಹಿಡಿಯಿರಿ. ಅವಕೆಂಪು ರಿಮೋಟಿನ ಎಲ್‌ಇಡಿ ಸಾಮಾನ್ಯವಾಗಿ ಸುಮಾರು 940 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಹೊಮ್ಮಿಸುತ್ತದೆ. ನಮ್ಮ ಕಣ್ಣಿಗೆ ಅದು ಕಾಣದಿದ್ದರೂ ಕ್ಯಾಮೆರಾದ ಸಂವೇದಕಕ್ಕೆ ನೇರಳೆ ಅಥವಾ ಬಿಳಿ ಮಿನುಗಾಗಿ ಕಾಣುತ್ತದೆ. ಹಿಂಬದಿಯ ಕ್ಯಾಮೆರಾದಲ್ಲಿ ಈ ಬೆಳಕನ್ನು ತಡೆಯುವ ಶೋಧಕ ಬಲವಾಗಿರುವ ಫೋನುಗಳುಂಟು, ಆದ್ದರಿಂದ ಮುಂಬದಿಯ ಕ್ಯಾಮೆರಾದಲ್ಲೂ ನೋಡಬೇಕು. ಕೆಲಸ ಮಾಡುತ್ತಿರುವ ಟಿವಿ ರಿಮೋಟನ್ನು ಮೊದಲು ಹಿಡಿದು ನೋಡಿದರೆ ನಿಮ್ಮ ಫೋನು ಈ ಪರೀಕ್ಷೆಗೆ ಒದಗುತ್ತದೆಯೇ ಎಂಬುದೂ ತಿಳಿಯುತ್ತದೆ.

ಬಾಣದ ಬಟನ್ ಒತ್ತಿದಾಗ ಮಿನುಗು ಕಂಡರೆ ರಿಮೋಟ್ ಅವಕೆಂಪು ಬಗೆಯದು, ಅದಕ್ಕೆ ಜೀವವೂ ಇದೆ. ಮಿನುಗು ಕಾಣದಿದ್ದರೆ ಎರಡು ಅರ್ಥಗಳುಂಟು: ರಿಮೋಟ್ ಸತ್ತಿರಬಹುದು, ಇಲ್ಲವೇ ಅದು ರೇಡಿಯೋ ರಿಮೋಟ್ ಆಗಿದ್ದು ಬೆಳಕನ್ನೇ ಬಳಸದಿರಬಹುದು.

ಇಲ್ಲಿ ಅನೇಕರು ಮೋಸಹೋಗುವ ಒಂದು ಸೂಕ್ಷ್ಮವಿದೆ. ಬ್ಲೂಟೂತ್ ರಿಮೋಟ್‌ಗಳಲ್ಲೂ ಟಿವಿಯ ಧ್ವನಿ ಹೆಚ್ಚಿಸಲು, ಟಿವಿಯನ್ನು ಆರಿಸಲು ಪ್ರತ್ಯೇಕ ಅವಕೆಂಪು ಎಲ್‌ಇಡಿ ಇರುವುದುಂಟು. ಧ್ವನಿಯ ಬಟನ್ ಒತ್ತಿ ಮಿನುಗು ನೋಡಿ, ಇದು ಅವಕೆಂಪು ರಿಮೋಟ್ ಎಂದು ತೀರ್ಮಾನಿಸಿದರೆ ಕೊಳ್ಳುವ ಬದಲಿಯೂ ತಪ್ಪಾಗುತ್ತದೆ. ಧ್ವನಿ ಬದಲಾಗುತ್ತದೆ ಆದರೆ ಬಾಣ ಕೆಲಸ ಮಾಡುತ್ತಿಲ್ಲ ಎನ್ನುವ ದೂರಿನ ಹಿಂದೆಯೂ ಇದೇ ಕಾರಣವಿರುತ್ತದೆ: ಬೆಳಕಿನ ಭಾಗ ಸರಿಯಿದೆ, ರೇಡಿಯೋ ಜೋಡಣೆ ಕಳಚಿದೆ. ಆದ್ದರಿಂದ ಪರೀಕ್ಷಿಸಬೇಕಾದದ್ದು ಬಾಣದ ಬಟನ್ನನ್ನೇ.

ಕ್ಯಾಮೆರಾದಲ್ಲಿ ಮಿನುಗುತ್ತದೆ, ಸಾಧನ ಮಾತ್ರ ಓಗೊಡುವುದಿಲ್ಲ

ಅವಕೆಂಪು ಬೆಳಕಿಗೆ ನೇರ ದಾರಿ ಬೇಕು. ಸಾಧನದ ಮುಂದೆ ಇಟ್ಟ ಅಲಂಕಾರದ ವಸ್ತು, ಮುಂಭಾಗಕ್ಕೆ ಅಂಟಿದ ರಕ್ಷಣಾ ಪೊರೆ, ನೇರವಾಗಿ ಬೀಳುವ ಬಿಸಿಲು ಇವುಗಳಲ್ಲಿ ಯಾವುದಾದರೂ ಸಾಕು ಅದನ್ನು ತಡೆಯಲು. ಪರದೆ ಎಳೆದು, ಒಂದು ಮೀಟರ್ ಹತ್ತಿರದಿಂದ ಒತ್ತಿ ನೋಡಿ.

ಎರಡನೆಯ ಮತ್ತು ಮೂರನೆಯ ತಲೆಮಾರಿನ ಆಪಲ್ ಟಿವಿ ಪೆಟ್ಟಿಗೆಗಳಲ್ಲಿ ಇನ್ನೊಂದು ಕಾರಣವನ್ನು ನೋಡಬೇಕು. ಇವು ಒಂದು ನಿರ್ದಿಷ್ಟ ರಿಮೋಟಿಗೆ ಜೋಡಣೆಯಾಗಿದ್ದರೆ ಅದೇ ಜಾತಿಯ ಬೇರೆ ರಿಮೋಟನ್ನು ಲಕ್ಷಿಸುವುದಿಲ್ಲ. ಮೆನು ಮತ್ತು ಎಡ ಬಾಣವನ್ನು ಒಟ್ಟಿಗೆ 6 ಸೆಕೆಂಡ್ ಒತ್ತಿ ಹಿಡಿದರೆ ಹಳೆಯ ಜೋಡಣೆ ಕಳಚುತ್ತದೆ, ಮೆನು ಮತ್ತು ಬಲ ಬಾಣವನ್ನು 6 ಸೆಕೆಂಡ್ ಹಿಡಿದರೆ ಹೊಸ ರಿಮೋಟ್ ಜೋಡಣೆಯಾಗುತ್ತದೆ. ಹಳೆಯ ಸಾಧನವನ್ನು ಬೇರೆಯವರಿಂದ ಪಡೆದವರು ಮೊದಲು ಇದನ್ನು ಮಾಡಿ ನೋಡಬೇಕೆಂಬುದು ನನ್ನ ಸಲಹೆ.

ಇಷ್ಟಾದರೂ ಫಲವಿಲ್ಲದೆ, ಅದೇ ಮಾದರಿಯ ಇನ್ನೊಂದು ರಿಮೋಟಿಗೂ ಸಾಧನ ಓಗೊಡದಿದ್ದರೆ ಕೆಟ್ಟಿರುವುದು ಸಾಧನದೊಳಗಿನ ಗ್ರಾಹಕ, ಅಂದರೆ ಸಂಕೇತ ಗ್ರಹಿಸುವ ಭಾಗ. ಅಂತಹ ಪೆಟ್ಟಿಗೆಗೆ ಮೂರನೆಯ ರಿಮೋಟ್ ಕೊಳ್ಳುವುದು ವ್ಯರ್ಥ.

ರೇಡಿಯೋ ರಿಮೋಟ್ ಸಾಧನವನ್ನು ಮರೆತಂತಿದೆ

ಸೆಲ್ ಪೂರ್ತಿ ಖಾಲಿಯಾದಾಗ, ತಂತ್ರಾಂಶದ ಹೊಸ ಆವೃತ್ತಿ ಬಂದಾಗ, ಸಾಧನವನ್ನು ಮೂಲಸ್ಥಿತಿಗೆ ಮರಳಿಸಿದಾಗ ಈ ಜೋಡಣೆ ಕಳಚಬಹುದು. ಮೊದಲು ಸಾಧನದ ವಿದ್ಯುತ್ ತೆಗೆದು ಕೊಟ್ಟು, ಮುಖಪುಟ ಬಂದ ಮೇಲೆ ರಿಮೋಟನ್ನು ಸಮೀಪ ಹಿಡಿದು ಜೋಡಿಸಬೇಕು. ವಿಧಾನ ಮಾತ್ರ ಕಂಪನಿಗೊಂದು ಬಗೆ. ಅಮೆಜಾನ್‌ನ ಫೈರ್ ಟಿವಿಯಲ್ಲಿ ಹೋಮ್ ಬಟನ್ನನ್ನು 10 ಸೆಕೆಂಡ್ ಹಿಡಿಯಬೇಕು. ರೋಕು ಕಂಪನಿಯ ರೇಡಿಯೋ ರಿಮೋಟ್‌ಗಳಲ್ಲಿ ಸೆಲ್ ಗೂಡಿನ ಒಳಗೆ ಅಥವಾ ಅದರ ಪಕ್ಕ ಚಿಕ್ಕದೊಂದು ಜೋಡಣೆಯ ಬಟನ್ ಇರುತ್ತದೆ. ಅದನ್ನು ಬೆಳಕು ಮಿನುಗುವವರೆಗೆ ಒತ್ತಬೇಕು. 2020ರ ಗೂಗಲ್ ಟಿವಿ ಸಹಿತ ಕ್ರೋಮ್‌ಕಾಸ್ಟ್‌ನಲ್ಲಿ ಹಿಂದಕ್ಕೆ ಮತ್ತು ಹೋಮ್ ಬಟನ್‌ಗಳನ್ನು ಒಟ್ಟಿಗೆ ಹಿಡಿಯಬೇಕು. ಆಪಲ್‌ನ ಮೊದಲ ಸಿರಿ ರಿಮೋಟಿನಲ್ಲಿ ಮೆನು ಮತ್ತು ಧ್ವನಿ ಹೆಚ್ಚಿಸುವ ಬಟನ್‌ಗಳನ್ನು 5 ಸೆಕೆಂಡ್ ಹಿಡಿಯಬೇಕು. ಅದಕ್ಕೂ ಮೊದಲು ಅದನ್ನು ಅರ್ಧ ಗಂಟೆಯಾದರೂ ಚಾರ್ಜ್ ಮಾಡಿರಬೇಕು.

ಜೋಡಣೆಯಾಗುತ್ತದೆ, ಆದರೆ ಮತ್ತೆ ಮತ್ತೆ ಕಡಿದುಹೋಗುತ್ತದೆ ಎಂದಾದರೆ ಸ್ಟಿಕ್ ಇರುವ ಜಾಗವನ್ನು ನೋಡಿ. ಟಿವಿಯ ಬೆನ್ನಿನ ಲೋಹಕ್ಕೆ ಒತ್ತಿಕೊಂಡಿರುವ ಸ್ಟಿಕ್‌ಗೆ ಸಂಕೇತ ಸರಿಯಾಗಿ ತಲುಪುವುದಿಲ್ಲ; ಚಿಕ್ಕ ಎಚ್‌ಡಿಎಂಐ ವಿಸ್ತರಣಾ ತಂತಿಯಿಂದ ಅದನ್ನು ಹೊರಗೆ ತಂದರೆ ಎಷ್ಟೋ ಸಲ ಸಮಸ್ಯೆ ತೀರುತ್ತದೆ. ಪಕ್ಕದಲ್ಲೇ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಇದ್ದರೆ ಅದನ್ನು ದೂರ ಸರಿಸಿ, ಅದರ ತಂತಿಯಿಂದ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ಅಲೆಗಳನ್ನು ಕೆಡಿಸುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ರಿಮೋಟ್ ಜೋಡಿಸಿಕೊಡುತ್ತೇವೆ, ಸಾಧನವನ್ನು ಸಕ್ರಿಯಗೊಳಿಸಿಕೊಡುತ್ತೇವೆ ಎಂದು ಹಣ ಕೇಳುವ ನಕಲಿ ಸಹಾಯವಾಣಿಗಳು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಜೋಡಣೆಗೆ ಯಾವ ಕಂಪನಿಯೂ ಶುಲ್ಕ ಪಡೆಯುವುದಿಲ್ಲ. ಕಾರ್ಡಿನ ಸಂಖ್ಯೆ, ಒಟಿಪಿ ಅಥವಾ ನಿಮ್ಮ ಕಂಪ್ಯೂಟರಿನ ನಿಯಂತ್ರಣ ಕೇಳಿದ ಕ್ಷಣವೇ ಕರೆ ಕಡಿದುಬಿಡಿ.

ಕೆಲವು ಬಟನ್‌ಗಳು ಮಾತ್ರ ಸತ್ತಿವೆ

ಬಟನ್ ಹಾಳೆಯ ಅಡಿಯಲ್ಲಿರುವ ವಿದ್ಯುತ್ ಹರಿಸುವ ಇಂಗಾಲದ ಪದರ ಸವೆದಾಗ ಅಥವಾ ಅದರ ಮೇಲೆ ಜಿಡ್ಡು ಕೂತಾಗ ಹೀಗಾಗುತ್ತದೆ. ಬಲವಾಗಿ ಒತ್ತಿದರೆ ಕೆಲಸ ಮಾಡುತ್ತದೆ ಎಂದರೆ ಬಹುಮಟ್ಟಿಗೆ ಜಿಡ್ಡೇ ಕಾರಣ. ಸ್ಕ್ರೂ ಇರುವ ರಿಮೋಟ್ ಆದರೆ ಸೆಲ್ ತೆಗೆದು ಬಿಚ್ಚಿ, ಆಲ್ಕೋಹಾಲ್‌ನಿಂದ ಮೆಲ್ಲಗೆ ಒರೆಸಬಹುದು. ಉಜ್ಜಿದರೆ ಪದರವೇ ಎದ್ದುಬರುತ್ತದೆ. ಒಳಗೆ ಚಾರ್ಜ್ ಆಗುವ ಲಿಥಿಯಂ ಬ್ಯಾಟರಿ ಇರುವ ಮುಚ್ಚಿದ ರಿಮೋಟ್‌ಗಳನ್ನು ಮಾತ್ರ ಚೂಪಾದ ಉಪಕರಣದಿಂದ ಮೀಟಿ ತೆರೆಯಬಾರದು. ಬ್ಯಾಟರಿಗೆ ತೂತಾದರೆ ಬೆಂಕಿ ಹತ್ತುವ ಅಪಾಯವಿದೆ. ಅದರ ಮೈ ಉಬ್ಬಿದಂತೆ ಕಂಡರೆ ಚಾರ್ಜ್ ಮಾಡುವುದನ್ನೂ ನಿಲ್ಲಿಸಿ.

ರಿಮೋಟ್ ಕಳೆದೇಹೋಗಿದೆ

ಕೊಳ್ಳುವ ಮೊದಲು, ಮನೆಯಲ್ಲಿರುವ ವಸ್ತುಗಳಿಂದಲೇ ಸಾಧನವನ್ನು ನಡೆಸಲು ಸಾಧ್ಯವೇ ನೋಡಿ. ಎಚ್‌ಡಿಎಂಐ ತಂತಿಯ ಮೂಲಕವೇ ಟಿವಿಯ ರಿಮೋಟಿನ ಆಜ್ಞೆಗಳನ್ನು ಸಾಧನಕ್ಕೆ ತಲುಪಿಸುವ ಸಿಇಸಿ ಎಂಬ ಸೌಲಭ್ಯ ಹಲವು ಟಿವಿಗಳಲ್ಲಿದೆ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಎಂದೂ, ಎಲ್‌ಜಿ ಸಿಂಪ್‌ಲಿಂಕ್ ಎಂದೂ, ಸೋನಿ ಬ್ರಾವಿಯಾ ಸಿಂಕ್ ಎಂದೂ ಕರೆಯುತ್ತವೆ. ಅದನ್ನು ಚಾಲೂ ಮಾಡಿ ಟಿವಿ ರಿಮೋಟಿನ ಬಾಣಗಳನ್ನು ಒತ್ತಿ ನೋಡಿ. ಸಾಧನದ ಕಡೆಯಲ್ಲೂ ಇದಕ್ಕೆ ಬೆಂಬಲವಿರಬೇಕು, ಬಹಳ ಹಳೆಯವುಗಳಲ್ಲಿ ಇರದಿರಬಹುದು.

ಎರಡನೆಯ ದಾರಿ ಮೊಬೈಲ್ ಆ್ಯಪ್. ರೋಕು, ಫೈರ್ ಟಿವಿ, ಗೂಗಲ್ ಟಿವಿ ಇವಕ್ಕೆಲ್ಲ ಅಧಿಕೃತ ಆ್ಯಪ್‌ಗಳಲ್ಲೇ ರಿಮೋಟ್ ಇದೆ. ಆದರೆ ಫೋನು ಮತ್ತು ಸಾಧನ ಒಂದೇ ವೈ-ಫೈ ಜಾಲದಲ್ಲಿರಬೇಕು. ಮನೆ ಬದಲಿಸಿದವರಿಗೆ, ರೂಟರ್ ಬದಲಿಸಿದವರಿಗೆ ಇಲ್ಲೇ ಬಿಕ್ಕಟ್ಟು: ಹೊಸ ಜಾಲಕ್ಕೆ ಸೇರಿಸಲು ರಿಮೋಟ್ ಬೇಕು, ರಿಮೋಟ್ ಆ್ಯಪ್ ನಡೆಯಲು ಸಾಧನ ಜಾಲದಲ್ಲಿರಬೇಕು. ಇದಕ್ಕೊಂದು ಒಳ್ಳೆಯ ಪರಿಹಾರವಿದೆ. ಒಂದು ಫೋನಿನಲ್ಲಿ ಹಾಟ್‌ಸ್ಪಾಟ್ ತೆರೆದು, ಅದಕ್ಕೆ ಹಳೆಯ ವೈ-ಫೈಯ ಹೆಸರು ಮತ್ತು ಪಾಸ್‌ವರ್ಡ್ ಅನ್ನೇ ಅಕ್ಷರವೂ ತಪ್ಪದಂತೆ ಕೊಡಿ. ಸಾಧನ ಅದನ್ನು ಹಳೆಯ ಜಾಲವೆಂದೇ ಭಾವಿಸಿ ಸೇರಿಕೊಳ್ಳುತ್ತದೆ. ಎರಡನೆಯ ಫೋನನ್ನು ಅದೇ ಹಾಟ್‌ಸ್ಪಾಟಿಗೆ ಸೇರಿಸಿ ಆ್ಯಪ್ ತೆರೆದರೆ ಸಾಧನ ಕಾಣಿಸುತ್ತದೆ. ಆ್ಯಪ್‌ನಿಂದಲೇ ಸೆಟ್ಟಿಂಗ್ಸ್‌ಗೆ ಹೋಗಿ ಹೊಸ ವೈ-ಫೈಗೆ ಬದಲಿಸಬಹುದು. ಹಳೆಯ ಸಾಧನಗಳಲ್ಲಿ ಹಲವಕ್ಕೆ 2.4 ಗಿಗಾಹರ್ಟ್ಸ್ ಜಾಲ ಮಾತ್ರ ಕಾಣುವುದರಿಂದ ಹಾಟ್‌ಸ್ಪಾಟನ್ನು ಆ ಬ್ಯಾಂಡಿಗೇ ಇಡಬೇಕು. ಹಳೆಯ ಪಾಸ್‌ವರ್ಡ್ ನೆನಪಿಲ್ಲದಿದ್ದರೆ ಈ ದಾರಿ ಮುಚ್ಚಿದಂತೆಯೇ.

ಯುಎಸ್‌ಬಿ ಕಿಂಡಿ ಇರುವ ಆಂಡ್ರಾಯ್ಡ್ ಪೆಟ್ಟಿಗೆಗಳಿಗೆ ಸಾಮಾನ್ಯ ಕೀಬೋರ್ಡ್ ಅಥವಾ ಮೌಸ್ ಸಿಕ್ಕಿಸಿದರೂ ಕೆಲಸ ನಡೆಯುತ್ತದೆ. ಅವಕೆಂಪು ಎಲ್‌ಇಡಿ ಇರುವ ಕೆಲವು ಫೋನುಗಳನ್ನೂ ರಿಮೋಟಾಗಿ ಬಳಸಬಹುದು, ಸಾಧನದಲ್ಲಿ ಅವಕೆಂಪು ಗ್ರಾಹಕ ಇದ್ದರೆ ಮಾತ್ರ.

ಬದಲಿ ರಿಮೋಟ್ ಬಂದಿದೆ, ಆದರೆ ಸಾಧನ ಅದನ್ನು ಒಪ್ಪುತ್ತಿಲ್ಲ

ನಾನೇ ಒಮ್ಮೆ ಒಂದು ಹಳೆಯ ಸ್ಟಿಕ್‌ಗೆಂದು, ಚಿತ್ರದಲ್ಲಿ ಮೂಲದಂತೆಯೇ ಇದ್ದ ರಿಮೋಟ್ ತರಿಸಿ ಮೂರು ದಿನ ಜೋಡಿಸಲು ಹೆಣಗಿದೆ. ಕೊನೆಗೆ ಕ್ಯಾಮೆರಾ ಎದುರು ಬಾಣದ ಬಟನ್ ಒತ್ತಿದಾಗ ನೇರಳೆ ಮಿನುಗು ಕಂಡಿತು: ರಿಮೋಟ್ ಅವಕೆಂಪು ಬಗೆಯದು, ಆ ಸ್ಟಿಕ್‌ನಲ್ಲಿ ಅವಕೆಂಪು ಗ್ರಾಹಕವೇ ಇರಲಿಲ್ಲ. ಎರಡರಲ್ಲಿ ಒಂದೂ ಕೆಟ್ಟಿರಲಿಲ್ಲ. ಅಂದಿನಿಂದ, ಯಾರು ಕೇಳಿದರೂ ರಿಮೋಟಿನ ಚಿತ್ರ ನೋಡಬೇಡಿ, ಸಾಧನದ ಮೇಲಿನ ಮಾದರಿ ಸಂಖ್ಯೆ ನೋಡಿ ಎಂದೇ ಹೇಳುತ್ತೇನೆ.

ಆ ಸಂಖ್ಯೆ ಸಾಧನದ ಅಡಿಯಲ್ಲಿ ಅಥವಾ ಹಿಂಬದಿಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಇರುತ್ತದೆ; ಫೋಟೊ ತೆಗೆದು ಹಿಗ್ಗಿಸಿದರೆ ಓದಬಹುದು. ಆ್ಯಪ್ ಮೂಲಕ ಪ್ರವೇಶ ಸಿಕ್ಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಾಧನದ ಬಗ್ಗೆ ಇರುವ ಪುಟದಲ್ಲೂ ಸಿಗುತ್ತದೆ.

ರೋಕು ಸಾಧನಗಳಲ್ಲಿ ಎಕ್ಸ್‌ಪ್ರೆಸ್‌ನಂತಹ ಪೆಟ್ಟಿಗೆಗಳು ಅವಕೆಂಪು ಬೆಳಕನ್ನು ಗ್ರಹಿಸುತ್ತವೆ, ಅವಕ್ಕೆ ರೋಕು ಪೆಟ್ಟಿಗೆಗಳಿಗೆಂದು ಮಾಡಿದ ಸರಳ ಅವಕೆಂಪು ರಿಮೋಟ್ ಸಾಕು. ಅದೇ ಕಂಪನಿಯ ಸ್ಟ್ರೀಮಿಂಗ್ ಸ್ಟಿಕ್‌ಗಳಲ್ಲಿ ಅವಕೆಂಪು ಗ್ರಾಹಕ ಇಲ್ಲದ ಕಾರಣ, ಎಷ್ಟು ಒಳ್ಳೆಯ ಯೂನಿವರ್ಸಲ್ ಅವಕೆಂಪು ರಿಮೋಟ್ ತಂದರೂ ಅವು ಓಗೊಡಲಾರವು. ರೋಕು ತಂತ್ರಾಂಶವಿರುವ ಟಿವಿಗಳ ರಿಮೋಟ್ ಬೇರೆಯದೇ.

ಫೈರ್ ಟಿವಿಯಲ್ಲಿ ತಲೆಮಾರು ಮುಖ್ಯ. 2018ರಲ್ಲಿ ಬಂದ, ಟಿವಿಯ ಧ್ವನಿಯನ್ನೂ ನಿಯಂತ್ರಿಸುವ ಎರಡನೆಯ ತಲೆಮಾರಿನ ಅಲೆಕ್ಸಾ ರಿಮೋಟ್, 2014ರ ಮೊದಲ ಫೈರ್ ಟಿವಿ ಸ್ಟಿಕ್‌ಗೆ ಹೊಂದುವುದಿಲ್ಲ. ಫೈರ್ ಟಿವಿ ಪೆಟ್ಟಿಗೆಯ ಮೊದಲ ಎರಡು ತಲೆಮಾರುಗಳಿಗೂ ಹೊಂದುವುದಿಲ್ಲ. ಹೊಸದು ಹಳೆಯದಕ್ಕೂ ಹೊಂದೀತು ಎಂಬ ಊಹೆ ಇಲ್ಲಿ ಸುಳ್ಳಾಗುತ್ತದೆ.

ಆಪಲ್‌ನಲ್ಲಿ ಎ1378, ಎ1427, ಎ1469 ಸಂಖ್ಯೆಯ ಪೆಟ್ಟಿಗೆಗಳು ಎರಡನೆಯ ಮತ್ತು ಮೂರನೆಯ ತಲೆಮಾರಿನವು. ಇವಕ್ಕೆ ಬೇಕಾದದ್ದು ಅಲ್ಯೂಮಿನಿಯಂ ಮೈಯ ಅವಕೆಂಪು ರಿಮೋಟ್. ಸಿರಿ ರಿಮೋಟ್ ಇವುಗಳೊಂದಿಗೆ ಕೆಲಸ ಮಾಡುವುದಿಲ್ಲ. 2015ರ ಎ1625 ಸಂಖ್ಯೆಯ ಪೆಟ್ಟಿಗೆಗೆ ಮೊದಲ ಸಿರಿ ರಿಮೋಟ್ ಮಾತ್ರವಲ್ಲ, 2021ರಲ್ಲಿ ಬಂದ ಹೊಸ ವಿನ್ಯಾಸದ್ದೂ ಹೊಂದುತ್ತದೆ, ಅಲ್ಯೂಮಿನಿಯಂ ರಿಮೋಟಿನಿಂದಲೂ ಮೂಲಭೂತ ಕೆಲಸಗಳು ನಡೆಯುತ್ತವೆ. ಎರಡನೆಯ ಮತ್ತು ಮೂರನೆಯ ತಲೆಮಾರಿನ ಆಪಲ್ ಟಿವಿಗಳಲ್ಲಿ ಇನ್ನೊಂದು ಅನುಕೂಲವಿದೆ: ಬೇರೆ ಯಾವುದೋ ಟಿವಿಯ ಅವಕೆಂಪು ರಿಮೋಟನ್ನು ಸೆಟ್ಟಿಂಗ್ಸ್ ಮೂಲಕ ಅವಕ್ಕೆ ಕಲಿಸಬಹುದು. ಆದರೆ ಆ ಪುಟದವರೆಗೆ ತಲುಪಲು ಒಮ್ಮೆಯಾದರೂ ಕೆಲಸ ಮಾಡುವ ರಿಮೋಟ್ ಬೇಕು.

ಮಾರುವವರು ತಮ್ಮ ರಿಮೋಟ್ ಹೊಂದುವ ಸಾಧನಗಳ ಪಟ್ಟಿಯಲ್ಲಿ ನಿಮ್ಮ ಮಾದರಿ ಸಂಖ್ಯೆಯನ್ನು ಸ್ಪಷ್ಟವಾಗಿ ಬರೆದಿರದಿದ್ದರೆ, ಮರಳಿಸುವ ಅವಕಾಶವೂ ಇರದಿದ್ದರೆ, ಅದನ್ನು ಕೊಳ್ಳದಿರುವುದೇ ಮೇಲು. ಧ್ವನಿಯಿಂದ ಹುಡುಕುವ ಬಟನ್ ನಿಮಗೆ ಅಗತ್ಯವಿದ್ದರೆ ಅದನ್ನು ಪ್ರತ್ಯೇಕವಾಗಿ ಕೇಳಿ ತಿಳಿಯಿರಿ. ಕಡಿಮೆ ಬೆಲೆಯ ಅನುಕರಣೆಗಳಲ್ಲಿ ಮೈಕ್‌ನ ಚಿತ್ರವಿದ್ದು ಮೈಕೇ ಇಲ್ಲದಿರುವುದುಂಟು.

ರಿಮೋಟ್ ಸರಿಯಾಯಿತು, ಆದರೆ ಬೇಕಾದ ಆ್ಯಪ್ ತೆರೆಯುವುದಿಲ್ಲ

ಇದು ರಿಮೋಟಿನ ದೋಷವಲ್ಲ, ಸಾಧನದ ವಯಸ್ಸು. ನೆಟ್‌ಫ್ಲಿಕ್ಸ್ 2019ರ ಡಿಸೆಂಬರ್‌ನಿಂದ ರೋಕುವಿನ ಕೆಲವು ಆರಂಭಿಕ ಮಾದರಿಗಳಲ್ಲಿ ನಿಂತಿತು, 2024ರ ಜುಲೈ ಬಳಿಕ ಎರಡನೆಯ ಮತ್ತು ಮೂರನೆಯ ತಲೆಮಾರಿನ ಆಪಲ್ ಟಿವಿಗಳಲ್ಲೂ ನಿಂತಿತು. ಮೂರನೆಯ ತಲೆಮಾರಿನ ಆಪಲ್ ಟಿವಿಯಲ್ಲಿ ಯೂಟ್ಯೂಬ್ ಆ್ಯಪ್ 2021ರ ಮಾರ್ಚ್‌ನಲ್ಲೇ ಕೊನೆಗೊಂಡಿತ್ತು. ಹೀಗಾಗಿ ಆ್ಯಪ್ ರಿಮೋಟ್, ಸಿಇಸಿ ಅಥವಾ ಕೀಬೋರ್ಡ್ ಮೂಲಕ ಒಮ್ಮೆ ಒಳಹೊಕ್ಕು, ನೀವು ದಿನವೂ ನೋಡುವ ಸೇವೆಗಳು ಆ ಸಾಧನದಲ್ಲಿ ಇನ್ನೂ ತೆರೆಯುತ್ತವೆಯೇ ಎಂದು ಪರೀಕ್ಷಿಸಿದ ಮೇಲೆಯೇ ಬದಲಿ ರಿಮೋಟಿಗೆ ಹಣ ಕೊಡಿ. ಅವು ತೆರೆಯದಿದ್ದರೆ ರಿಮೋಟ್ ಹುಡುಕಾಟವನ್ನು ಅಲ್ಲಿಗೆ ಬಿಟ್ಟು ಆ ಹಣವನ್ನು ಹೊಸ ಸಾಧನಕ್ಕೆ ಇಟ್ಟುಕೊಳ್ಳಿ. ಹಳೆಯದನ್ನು ಯಾರಿಗಾದರೂ ಕೊಡುವ ಮುನ್ನ ನಿಮ್ಮ ಖಾತೆಗಳಿಂದ ಹೊರಬಂದು ಮೂಲಸ್ಥಿತಿಗೆ ಮರಳಿಸಿ, ಅದು ಸಾಧ್ಯವಾಗದಿದ್ದರೆ ಬೇರೊಂದು ಫೋನಿನಿಂದ ನಿಮ್ಮ ಖಾತೆಯ ಪುಟ ತೆರೆದು ಆ ಸಾಧನವನ್ನು ಪಟ್ಟಿಯಿಂದ ತೆಗೆದುಹಾಕಿ.